ಇನ್ನೂರು ಕುರ್ಚಿಗಳ ಕೀಲಿ

ಮಾಹಿತಿ ಪುಸ್ತಿಕೆಯ ನಾಲ್ಕನೇ ಪುಟದಲ್ಲಿ
ನಮ್ಮ ಎಂಬಿಎ ವಿಭಾಗದ ಸೆಮಿನಾರ್ ಹಾಲ್ ಇದೆ.
ಕೆಂಪು ಮಖಮಲ್ಲಿನ ಇನ್ನೂರು ಕುರ್ಚಿ, ಒಬ್ಬರೂ ಕೂತಿಲ್ಲ.
ಅದನ್ನು ನೋಡಿಯೇ ನಾನು ಅರ್ಜಿ ತುಂಬಿದ್ದು,
ಕೌಲ್ ಬಜಾರಿನ ಝೆರಾಕ್ಸ್ ಅಂಗಡಿಯ ಕಟ್ಟೆ ಮೇಲೆ
ಪೆನ್ನು ಸಾಲ ಇಸಕೊಂಡು.

ಸೇರಿದ ಮೇಲೆ ತಿಳಿಯಿತು:
ಚಿತ್ರ ನಮಗೆ, ಹಾಲ್ ಅತಿಥಿಗಳಿಗೆ.
ನಮ್ಮದು ಎರಡನೇ ಮಹಡಿ, ಪಡುವಣ ಮುಖದ ಕೋಣೆ.
ಮೂರು ಫ್ಯಾನು. ಒಂದು ತಿರುಗುತ್ತದೆ,
ಒಂದು ತಿರುಗಿದಂತೆ ಸದ್ದು ಮಾಡುತ್ತದೆ,
ಇನ್ನೊಂದರ ರೆಕ್ಕೆಗೆ ಹಳೆಯ ಬ್ಯಾಚಿನ ಯಾರೋ ಹೆಸರು ಗೀಚಿದ್ದಾರೆ.
ನಿಂತಿದೆಯಲ್ಲ, ಸಲೀಸಾಗಿ ಓದಬಹುದು.

ಮಾರ್ಚ್ ಬಂತೆಂದರೆ ಬಳ್ಳಾರಿಯಲ್ಲಿ
ಬಿಸಿಲನ್ನು ಯಾರೂ ಹವಾಮಾನ ಅನ್ನುವುದಿಲ್ಲ,
ಮನೆಯವರನ್ನು ಬಯ್ದಂತೆ ಬಯ್ಯುತ್ತಾರೆ.
ಸೋಮವಾರದ ಬಿಳಿ ಶರ್ಟು, ಕಡ್ಡಾಯ.
ಅದಿರಿನ ಲಾರಿಗಳ ಹಿಂದೆ ಬಸ್ಸು ಬರುವಷ್ಟರಲ್ಲಿ
ಕಾಲರಿಗೆ ಕೆಂಪು ಅಂಚು ಹೊಲಿದುಕೊಂಡಿರುತ್ತದೆ.
ಹೊನ್ನೂರ್‌ಬಿ ಮಾತ್ರ ಜಾಡಿಸುವುದಿಲ್ಲ.
'ಇದು ಊರಿನ ಬ್ರ್ಯಾಂಡು ಕಣೇ, ಪುಕ್ಕಟೆ,' ಅನ್ನುತ್ತಾಳೆ.
ಅವಳಮ್ಮ ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿಯುತ್ತಾರೆ.
ಜೇಬಿಗೆ ಎಷ್ಟು ಅಂತ ಮಾರ್ಕೆಟಿಂಗ್ ಸರ್ ಕೇಳಿದ್ದರು ಒಮ್ಮೆ.
ಅವಳು ಹೇಳಿದ ಮೇಲೆ
ಬೋರ್ಡಿನ ಮೇಲೆ ಬರೆದಿದ್ದ ಅಂದಾಜನ್ನು
ಅಂಗೈಯಿಂದಲೇ ಒರೆಸಿದರು.

ಪ್ರೇರಣೆ ಎಂಬ ಅಧ್ಯಾಯದ ದಿನ.
ಮೇಡಮ್ ಬಣ್ಣದ ಸೀಮೆಸುಣ್ಣದಲ್ಲಿ ಪಿರಮಿಡ್ಡು ಎಳೆಯುತ್ತಿದ್ದರು,
ಬುಡದಲ್ಲಿ ಅನ್ನ, ನೀರು, ನಿದ್ದೆ,
ತುದಿಯಲ್ಲಿ ಏನೋ ಹೊಳೆಯುವಂಥದ್ದು.
ಅಟೆಂಡರ್ ಗಾದಿಲಿಂಗಪ್ಪ ಸುತ್ತೋಲೆ ಹಿಡಿದು ಬಂದ,
ಬುಡದ ಹತ್ತಿರ ನಿಂತು ಸಹಿ ಹಾಕಿಸಿಕೊಂಡು ಹೋದ.

ಮಧ್ಯಾಹ್ನ ನೀರಿನ ಫಿಲ್ಟರಿನ ಬಳಿ ಕಾದಿದ್ದ.
(ಫಿಲ್ಟರ್ ಕೆಟ್ಟಿದೆ; ಪಕ್ಕದ ಕ್ಯಾನು ಅವನೇ ತಂದಿಡುವುದು.)
'ನೀವು ಪತ್ರ ಬರಿಯೋದು ಕಲೀತೀರಂತಲ್ಲ ಮೇಡಮ್,
ನಂದೊಂದು ಬರಕೊಡ್ರಿ.
ಮೂರು ತಿಂಗಳಾತು, ಏಜೆನ್ಸಿಯೋರು ಪಗಾರ ಹಾಕಿಲ್ಲ.'

ಬಿಸಿನೆಸ್ ಕಮ್ಯುನಿಕೇಶನ್‌ನಲ್ಲಿ ನನಗೆ ಎಪ್ಪತ್ತೆಂಟು.
ಎರ್ರಿಸ್ವಾಮಿ ಲ್ಯಾಪ್‌ಟಾಪ್ ತೆರೆದ.
ಹೊನ್ನೂರ್‌ಬಿ 'ಮಾನ್ಯರೇ' ಅಂದಳು,
ನಾನು 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಅಂದೆ.
ಎರಡು ಪುಟವಾಯಿತು. ಒಂದು ಗ್ರಾಫೂ ಬಂತು.
ಗಾದಿಲಿಂಗಪ್ಪ ಓದಿಸಿ ಕೇಳಿದ, ತಲೆದೂಗಿದ.
'ಭಾಳ ಚೆಂದ ಐತೆ.
ಆದ್ರೆ ಇದರಾಗ ನಾನೆಲ್ಲಿ ಇದೀನಿ?'

ಅಳಿಸಿದೆವು. ಅವನು ಹೇಳಿದ, ನಾವು ಬರೆದೆವು:
ನಾನು ದಿನಾ ಏಳೂವರೆಗೆ ಗೇಟು ತೆಗೀತೀನಿ.
ನಲವತ್ತೊಂದು ಕೋಣೆಯ ಕೀಲಿ ನನ್ನ ಹತ್ರ ಅದಾವೆ.
ನನ್ನ ಮನೆ ಬಾಡಿಗೆ ಎರಡು ತಿಂಗಳದ್ದು ಬಾಕಿ ಐತೆ.
ಓನರು ಕೀಲಿ ವಾಪಸ್ ಕೇಳ್ಯಾನ.

ಲ್ಯಾಬಿನ ಪ್ರಿಂಟರಿಗೆ ಶಾಯಿ ಇರಲಿಲ್ಲ.
ಅವನು ಗೊಂಚಲಿನಿಂದ ಒಂದನ್ನು ಆರಿಸಿ
ಸೆಮಿನಾರ್ ಹಾಲ್ ತೆಗೆದ.
ವೇದಿಕೆಯ ಮೂಲೆಯಲ್ಲಿ ಅತಿಥಿಗಳಿಗೊಂದು ಪ್ರಿಂಟರ್ ಇದೆಯಂತೆ.
ಎಸಿ ಹಾಕಿದ. 'ಹತ್ತು ನಿಮಿಷ, ಕೂತ್ಕೊಳ್ರಿ.'
ಮಖಮಲ್ಲಿನ ಮೇಲೆ ಇನ್ನೂ ಪ್ಲಾಸ್ಟಿಕ್ ಹೊದಿಕೆ;
ಕೂತರೆ ಚರಪರ, ಯಾರೋ ಕದ್ದು ತಿಂಡಿ ತಿಂದಂತೆ.
ಮೂವರೂ ನಕ್ಕೆವು. ಬೆವರು ಆರುತ್ತಿದ್ದಾಗ
ಯಾಕೋ ನಾಚಿಕೆಯೂ ಆಯಿತು.

ಪತ್ರಕ್ಕೆ ಇನ್‌ವರ್ಡ್ ನಂಬರು ಬಿದ್ದಿದೆ.
ಅಷ್ಟೇ ಆಗಿದೆ, ಇಲ್ಲಿಯ ತನಕ.

ನಿನ್ನೆ ರಾತ್ರಿ ರೆಸ್ಯೂಮೆ ಬರೆಯುತ್ತಾ
ಹಳೆಯ ಪುಸ್ತಿಕೆ ಕೈಗೆ ಸಿಕ್ಕಿತು. ನಾಲ್ಕನೇ ಪುಟ.
ಎಡ ಅಂಚಿನಲ್ಲಿ, ಕತ್ತರಿಸಲು ಮರೆತಂತೆ,
ಬಾಗಿಲು ಮುಚ್ಚಿಕೊಳ್ಳದಂತೆ ಹಿಡಿದ ನಾಲ್ಕು ಬೆರಳು,
ಕಿರುಬೆರಳಿಗೆ ಸಿಕ್ಕಿಸಿದ ಕೀಲಿಗೊಂಚಲು.