ಮಾನ್ಯರೇ,

ಕೋರ್ಟುಗುಡ್ಡೆಯ ಇಳಿಜಾರಿನ ಈ ಟೈಪಿಂಗ್ ಅಂಗಡಿ
ಸೋಮವಾರದಿಂದ ನನ್ನದು.
ಹೊಸ ಹಾಳೆ ತೆರೆದರೆ ಸಾಕು,
ಐತಪ್ಪಣ್ಣನ ಅಳತೆಗಳೇ ಏಳುತ್ತವೆ:
ಎಡಕ್ಕೆ ಒಂದೂವರೆ ಇಂಚು, ಫೈಲಿನ ದಾರಕ್ಕೆ;
ಮೇಲೆ ಸ್ಟಾಂಪಿಗೆ ಅಂಗೈಯಷ್ಟು ಜಾಗ.

ಮೂಲ ನಮೂನೆಯನ್ನೇ ಬಿಚ್ಚಿ ಕೂತೆ.
ಅಕ್ಷರ ಹದಿನಾಲ್ಕಕ್ಕೆ ಏರಿಸಿದೆ, ನೋಟರಿಯ ಕಣ್ಣಿಗೆ.
ದಿನಾಂಕದಲ್ಲಿ ಹತ್ತೊಂಬತ್ತು ಇನ್ನೂ ಕೂತಿತ್ತು, ಎಬ್ಬಿಸಿದೆ.
'ಮಾನ್ಯರೇ' ಆದಮೇಲೆ ಮಾತ್ರ
ಏನೂ ಇಲ್ಲದ ಮೂರು ಸಾಲು.
ಅಳಿಸಲು ಬೆರಳೆತ್ತಿದೆ.

ಅಷ್ಟರಲ್ಲಿ ಬೊಕ್ಕಪಟ್ಣದ ಹೆಂಗಸೊಬ್ಬಳು
ಸ್ಟೂಲಿನ ತುದಿಯಲ್ಲಿ ಕೂತು, ಕೊಡೆಯ ಹಿಡಿ ತಿರುಗಿಸುತ್ತ,
"ಎಲ್ಲಿಂದ ಶುರು ಮಾಡುವುದು ಮಾರಾಯ್ತಿ"
ಅಂದು ಸುಮ್ಮನಾದಳು.

ಕರ್ಸರ್ ಮೂರನೇ ಸಾಲಿನಲ್ಲಿ ಮಿಣುಕುತ್ತ ಕಾದಿತ್ತು.
ಬದಲಾವಣೆ ಉಳಿಸಲೇ? ಯಂತ್ರ ಕೇಳಿತು.
ಹೂಂ ಎಂದೆ, ಬಾಯಿಬಿಟ್ಟೇ.

ತನಗೆಂದುಕೊಂಡು
ಅವಳು ಶುರು ಮಾಡಿದಳು.