ನೂರಕ್ಕೆ ಎಂಬತ್ತನಾಲ್ಕು

ಹಲ್ ಪಟ್ಟಣ, ಕೆಂಪು ಇಟ್ಟಿಗೆಯ ಬೀದಿ, ನವೆಂಬರ್.
ಹದಿನೇಳನೇ ಮನೆಯ ಬಾಗಿಲು ನೀರುಂಡು ಉಬ್ಬಿದೆ.
"ಭುಜ ಕೊಟ್ಟು ತಳ್ಳು," ಎಂದಳು ಒಳಗಿನಿಂದ ಮೋರೀನ್ ಥ್ಯಾಕ್ರೆ.
ತಳ್ಳಿದೆ.
ಕೌನ್ಸಿಲ್ಲಿನವಳು ನಾನು. ಕೌನ್ಸಿಲ್ಲಿನ ಮನೆಗಳ
ತೇವ ಅಳೆಯುವುದು ನನ್ನ ಕಸುಬು.

ಬಳ್ಳಾರಿಯಲ್ಲಿ ಇದನ್ನು ಹೇಳಿದರೆ ನಗುತ್ತಾರೆ.
ಅಲ್ಲಿ ಏಪ್ರಿಲ್ ಬಂತೆಂದರೆ ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ
ಚೊಂಬು ಚೊಂಬು ಎರಚಿ ಗಾಳಿಗೆ ನೀರು ಕುಡಿಸುವುದು
ಮಕ್ಕಳ ಪಾಲಿನ ಕೆಲಸ.
ಎಷ್ಟು ಕುಡಿದರೂ ಸಾಲದೆನ್ನುತ್ತಿತ್ತು ಆ ಗಾಳಿ.
ಇಲ್ಲಿ ಕುಡಿದದ್ದನ್ನು ಕಕ್ಕಿಸಲು
ನನಗೆ ಸಂಬಳ.

ಮಲಗುವ ಕೋಣೆ. ಮಂಚದ ತಲೆಬದಿಯ ಗೋಡೆಗೆ
ಯಾರೋ ಮಸಿಗೈ ಒರೆಸಿದಂತೆ ಬೂಷ್ಟು.
ಮೊಮ್ಮಗ ಕ್ಯಾಲಮ್, ಏಳು ವರ್ಷ, ಹೆಸರಿಟ್ಟಿದ್ದಾನೆ:
ದೊಡ್ಡದು ಆಸ್ಟ್ರೇಲಿಯಾ, ಮೂಲೆಯದು ಅದರ ಮರಿ.
ಅವನು ಕೆಮ್ಮಿದರೆ
ಕೊಡದ ತಳದಲ್ಲಿ ಕಲ್ಲು ಉರುಳಿದ ಸದ್ದು.

ಯಂತ್ರ ಹಿಡಿದೆ. ಕೋಣೆಯ ನಡುವೆ ಅರವತ್ತೊಂದು,
ಕಿಟಕಿ ಬಳಿ ಎಪ್ಪತ್ತು, ಮಂಚದ ಹಿಂದೆ
ಎಂಬತ್ತನಾಲ್ಕು.

"ಇನ್ನೇನು ಮಾಡಬಾರದು, ಹೇಳಿಬಿಡು," ಎಂದಳು.
ಹೋದ ಸಲ ಬಂದವನು ಪಟ್ಟಿ ಕೊಟ್ಟಿದ್ದನಂತೆ:
ಬಟ್ಟೆ ಒಳಗೆ ಒಣಹಾಕಬೇಡ. ಮುಚ್ಚಳವಿಲ್ಲದೆ ಬೇಯಿಸಬೇಡ.
"ಉಸಿರಾಡಬೇಡ ಅಂತ ಬರೆಯೋಕೆ ಜಾಗ ಸಾಲಲಿಲ್ಲ, ಪಾಪ."

ಗಾಳಿ ಒಂದು ಜೋಳಿಗೆ, ಮೋರೀನ್, ಎಂದೆ.
(ಜೋಳಿಗೆಯನ್ನು ಇಂಗ್ಲಿಷಿನಲ್ಲಿ ಬರೀ ಚೀಲ ಮಾಡಿದೆ;
ಅರ್ಧ ಅರ್ಥ ಅಲ್ಲೇ ಸೋರಿತು.)
ಬೆಚ್ಚಗಿದ್ದಾಗ ಅಗಲ, ಎಷ್ಟೋ ಆವಿ ಹಿಡಿಸುತ್ತದೆ:
ಚಹಾದ್ದು, ಸ್ನಾನದ್ದು, ನಿದ್ದೆಯಲ್ಲಿ ನೀವಿಬ್ಬರೂ ಬಿಟ್ಟದ್ದು.
ತಣ್ಣಗಾದರೆ ಕುಗ್ಗುತ್ತದೆ. ಆಗ ಮಿಕ್ಕದ್ದನ್ನು
ಮನೆಯಲ್ಲೇ ಅತಿ ತಣ್ಣನೆಯ ಗೋಡೆ ಹುಡುಕಿ
ಸುರಿದುಬಿಡುತ್ತದೆ.

ಅವಳು ಮೀಟರಿನ ಕಡೆ ಗದ್ದ ತೋರಿಸಿದಳು.
"ಚೀಲ ಅಗಲ ಮಾಡೋಕೆ ದಿನಕ್ಕೆ ನಾಲ್ಕು ಪೌಂಡು ನುಂಗುತ್ತೆ ಅದು."
ಉಳಿದಿದ್ದದ್ದು ಒಂದು ಪೌಂಡು, ಹನ್ನೆರಡು ಪೆನ್ನಿ.

ನನ್ನ ನಮೂನೆಯಲ್ಲಿ ಒಂಬತ್ತನೇ ಚೌಕ:
ಕಾರಣ, ವಾಸಿಸುವವರ ಜೀವನಶೈಲಿ.
ಪೆನ್ನು ಅದರ ಮೇಲೆ ಸ್ವಲ್ಪ ಹೊತ್ತು ನಿಂತಿತು,
ಸುಳ್ಳೇಕೆ.

ಆಮೇಲೆ ಬಚ್ಚಲಿನ ಫ್ಯಾನು ಹಾಕಿದೆ. ಗುಂಯ್ ಎಂದಿತು.
ಒಂದೆಳೆ ಟಿಶ್ಯೂ ಜಾಲರಿಗೆ ಹಿಡಿದೆ. ಅಂಟಬೇಕು. ಬಿತ್ತು.
ಇನ್ನೊಮ್ಮೆ. ಬಿತ್ತು.
ಏಣಿ ಹತ್ತಿ ಅಟ್ಟಕ್ಕೆ ತಲೆ ತೂರಿಸಿದರೆ
ಕೊಳವೆ ಹೊರಗೆ ಹೋಗಿಯೇ ಇಲ್ಲ!
ಮಡಚಿ, ಟೇಪು ಸುತ್ತಿ, ಅಲ್ಲೇ ಹಾಸಿನಡಿ ತುರುಕಿದ್ದಾರೆ.
ಹನ್ನೊಂದು ವರ್ಷ ಈ ಮನೆಯ ಸ್ನಾನಗಳೆಲ್ಲ
ಹೊರಟು, ಬೀದಿ ಕಾಣದೆ,
ಮನೆಗೇ ಮರಳಿವೆ.

ಒಂಬತ್ತನ್ನು ಖಾಲಿ ಬಿಟ್ಟೆ.
ಹದಿನಾಲ್ಕು, ನಮ್ಮ ಇಲಾಖೆಯ ಲೋಪ:
ಗೀರಿದ್ದು ಕೆಳಗಿನ ಹಾಳೆಗೂ ಮೂಡಿತು.

"ಹಾಗಾದ್ರೆ ಆಸ್ಟ್ರೇಲಿಯಾ ಹೋಗುತ್ತಾ?" ಎಂದ ಕ್ಯಾಲಮ್.
ಮರಿಯೂ ಹೋಗುತ್ತೆ.
"ಯಾವಾಗ?"
ಬೇಗ, ಎಂದೆ.
ಆ ಪದ ಅಳೆಯುವ ಯಂತ್ರ ನಮ್ಮ ಕಚೇರಿಯಲ್ಲಿಲ್ಲ.

ರಾತ್ರಿ ನನ್ನ ಫ್ಲ್ಯಾಟಿನಲ್ಲಿ ಸಾರು ಕುದಿಯುತ್ತಿತ್ತು,
ಮುಚ್ಚಳವಿಲ್ಲದೆ.
ಉಪ್ಪಿನ ಡಬ್ಬಿ ತೆಗೆದರೆ ಗಡ್ಡೆ ಕಟ್ಟಿದೆ;
ಚಮಚದ ಹಿಡಿಯಲ್ಲಿ ಕುಟ್ಟಬೇಕಾಯಿತು.
ಉಪ್ಪು ನೀರೊಡೆದಿದೆ, ಇವತ್ತು ಹಪ್ಪಳ ಬೇಡ, ಎನ್ನುತ್ತಿದ್ದಳು
ಸೋದರತ್ತೆ. ಅವಳ ಲೆಕ್ಕ ಅಷ್ಟೇ.
ನಾನೂ ಚೀಲದಿಂದ ಯಂತ್ರ ತೆಗೆಯಲಿಲ್ಲ.

ಕಿಟಕಿ ಎರಡು ಬೆರಳು ತೆರೆದೆ.
ಹಂಬರ್ ನದಿಯ ಗಾಳಿ ಒಳಬಂತು, ಕುಗ್ಗಿದ ಜೋಳಿಗೆಯದು,
ಒಲೆಯ ಹತ್ತಿರ ಮೈ ಕಾಯಿಸಿ, ಅಗಲವಾಗಿ,
ಸಾರಿನ ಹಬೆ ಹೊತ್ತು ಬಂದ ದಾರಿಯಲ್ಲೇ ಹೊರಟಿತು,
ಜೊತೆಗೆ ಕೋಣೆಯ ಬಿಸುಪನ್ನೂ.

ನನ್ನ ಮೀಟರೂ ಓಡುತ್ತಿತ್ತು.