ಇವತ್ತೊಂದಿನ ಎತ್ತು ಬಿಚ್ಚಬೇಡ

ಪಾತಲಿಂಗಜ್ಜ,
ಗೂಟದಿಂದ ಎತ್ತು ಬಿಚ್ಚಬೇಡ ಇವತ್ತೊಂದಿನ.
ಹಿರಿಯೂರು ಕಡೆ ಹಳ್ಳಿಗಳು ಎಲ್ಲಿಗೂ ಓಡಿಹೋಗಲ್ಲ.
ಅವರ ಮುತ್ತಾತಂದಿರು ನಿನ್ನ ನಾಲಿಗೆ ಮೇಲೆ
ಇನ್ನೊಂದು ರಾತ್ರಿ ಮಲಗಿರಲಿ.

ನಸೀಮಾ ಟೀಚರ್ ಹೇಳಿ ಹೋಗವ್ರೆ:
ಮನೆಯಿಲ್ಲದೋರನ್ನ ಎಣಿಸೋದು ಒಂದೇ ರಾತ್ರಿಯಂತೆ,
ಯಾರು ಎಲ್ಲಿ ಮಲಗ್ತಾರೋ ಅಲ್ಲೇ ಲೆಕ್ಕವಂತೆ.
ಬಸ್‌ಸ್ಟ್ಯಾಂಡಿಗೆ, ಬೀಗ ಹಾಕಿದ ಅಂಗಡಿ ಜಗಲಿಗೆ,
ಶಿರಾ ಬೈಪಾಸಿನ ಈ ಹುಣಸೆ ತೋಪಿಗೂ
ಟಾರ್ಚು ಹಿಡಕೊಂಡು ಬರ್ತಾರಂತೆ.

ನೀನೇನಂತೀಯ ಗೊತ್ತು.
ಉಣ್ಣೋ ತಲೆ ಎಣಿಸಬಾರದು,
ಎಣಿಸಿದ ಕೋಳಿಮರಿ ಹದ್ದಿನ ಪಾಲು.
ಕರಿಯಕ್ಕನೂ ಬೆಳಗಿಂದ ಅದನ್ನೇ ಗೊಣಗ್ತಾ
ಕೂಸಿನ ಕೆನ್ನೆಗೆ ಇನ್ನೊಂದು ಕಪ್ಪು ಬೊಟ್ಟು ಇಟ್ಟವ್ಳೆ.
ನಾನೇನೂ ನಗಲ್ಲ.
ಆದ್ರೆ ಎಣಿಸದೆ ಬಿಟ್ಟ ಮರೀನ
ಹದ್ದು ಒಯ್ದರೆ ಯಾರಿಗೆ ಗೊತ್ತಾಗ್ತದೆ, ಹೇಳು?

ಹೋದ್ಸಲ ಎಣಿಸಿದಾಗ ನಾನು ಅವ್ವನ ಹೊಟ್ಟೇಲಿ.
ಕಳ್ಳಂಬೆಳ್ಳ ಕೆರೆ ಏರಿ ಕೆಳಗೆ ಬಿಡಾರ.
"ಅವ್ರು ನಮ್ಮೂರೋರಲ್ಲ, ನಾಳೆ ಹೋಗೋರು" ಅಂದ್ರಂತೆ ಯಾರೋ,
ಬರೆಯೋನು ಪೆನ್ನು ಜೇಬಿಗೆ ಸಿಗಿಸಿ ಹೋದನಂತೆ.
ನಾಳೆ ಹೋಗೋರು
ಇವತ್ತು ಎಲ್ಲಿದ್ರು ಹಾಗಾದ್ರೆ?

ನೀರು ಕೇಳೋಕೆ ಪಂಚಾಯ್ತಿಗೆ ಹೋಗಿದ್ವಲ್ಲ,
"ನೀವೆಷ್ಟು ಜನ?" ಅಂತ ಕೇಳಿದ್ರು.
"ಬಾಳಾ ಜನ ಸ್ವಾಮಿ" ಅಂದೆ ನೀನು.
ಕುಂಚಿಟಿಗರ ನಲವತ್ತೆಂಟು ಕುಲ ಒಂದೇ ಉಸುರಲ್ಲಿ ಹೇಳೋನು,
ಯಾವ ಗೌಡನ ಸೊಸೆ ಯಾವೂರಿಂದ ಬಂದ್ಲು,
ಯಾವ ತೊಟ್ಟಿಲು ಯಾರ ಸೂರಿಗೆ ತೂಗಿತು, ಎಲ್ಲಾ ಬಲ್ಲೋನು
ನಮ್ಮ ಗುಡಾರ ಹದಿಮೂರೋ ಹದಿನಾಕೋ ಅಂತ ತಡವರಿಸಿದೆ.
ಬಾಳಾ ಅನ್ನೋ ಅಂಕಿಗೆ ನಲ್ಲಿ ಹಾಕಲ್ಲ ಅಜ್ಜ.

ಬರೆಸಿದ ಮಾರನೇ ದಿನ ನೀರು ಬರ್ತದೆ ಅಂತ
ನಾನೂ ಹೇಳಲ್ಲ, ಸುಳ್ಳು ಯಾಕೆ.
ನಮ್ಮ ಪಡುವಣ ಗೋಡೆ ನೋಡು, ಹಳೇ ಚುನಾವಣೆ ಫ್ಲೆಕ್ಸು.
ಅದರೊಳಗಿನ ಮನುಷ್ಯ ನಾಕು ವರ್ಷದಿಂದ
ಕೈಮುಗಕೊಂಡು ಇರಚಲು ತಡೀತಾವ್ನೆ.
ಅವನಿಗೂ ತಿಳೀದು
ಬೆನ್ನ ಹಿಂದೆ ಎಷ್ಟು ಜನ ಮಲಗವ್ರೆ ಅಂತ.

ಇನ್ನೊಂದು ಮಾತು. ಬೈಬೇಡ.
ಮೊನ್ನೆ ನೀನಿಲ್ಲದಾಗ ನಿನ್ನ ಬಟ್ಟೆಗಂಟು ಬಿಚ್ಚಿದೆ.
ಪುಸ್ತಕ ಪೂರಾ ತಿರುವಿದೆ, ನಮ್ಮ ಹಾಳೆ ಹುಡುಕ್ತಾ.
ಊರೂರ ವಂಶ, ಯಾರ್ಯಾರದೋ ಬೇರು, ಕೊಂಬೆ.
ಕಡೇ ರಟ್ಟಿನ ಒಳಗೆ,
ಎತ್ತಿನ ಲಾಳಕ್ಕೆ ಕೊಟ್ಟ ಮುನ್ನೂರರ ಲೆಕ್ಕದ ಕೆಳಗೆ,
ಪೆನ್ಸಿಲ್ಲಲ್ಲಿ, ಕೆಂಚಿ.
ಅಷ್ಟೇ.
ನನ್ನ ಜತೇಲೇ ಹುಟ್ಟಿ ಮೂರು ವರ್ಷ ಇದ್ದೋಳು.
ಬಂದಿದ್ದಕ್ಕೂ ಚೀಟಿ ಇಲ್ಲ, ಜ್ವರದಲ್ಲಿ ಹೋಗಿದ್ದಕ್ಕೂ ಇಲ್ಲ.
ಎಣಿಸಬಾರದು ಅನ್ನೋ ನೀನೇ
ಬರೆದಿಟ್ಟಿದ್ದೆ.

ಎತ್ತು ಬಿಚ್ಚಬೇಡಜ್ಜ.

*

ಹತ್ತು ಗಂಟೆ ಮೇಲೆ ಟಾರ್ಚು ಬಂತು.
ಅಜ್ಜ ರುಮಾಲು ಸುತ್ತಿ, ಗಂಟೆ ಅಲ್ಲಾಡಿಸಿ,
ಮೂಲಪುರುಷನಿಂದ ಶುರುಮಾಡಿದ.
"ಈ ರಾತ್ರಿ ಇಲ್ಲಿ ಮಲಗೋರು ಸಾಕಜ್ಜ" ಅಂದ್ರು ಟೀಚರ್,
ಮೊಬೈಲಿಗೆ ಇನ್ನು ಕಾಲುಭಾಗ ಚಾರ್ಜು.
ಏಳು ತಲೆಮಾರು ನುಂಗಿಕೊಂಡು
ಗುಡಾರ ಗುಡಾರಕ್ಕೆ ಇಳಿದು ಬಂದ.
ಒಂದೊಂದು ಹೆಸರಿಗೂ ಕರಿಯಕ್ಕ ನೆಟಿಗೆ ಮುರಿದಳು.
ಐವತ್ತೆಂಟು.
ಆಮೇಲೆ, "ಕೆಂಚಿ" ಅಂದ.
ಟೀಚರ್ ಬೆರಳು ಗಾಜಿನ ಮೇಲೆ ನಿಂತಿತು.
ನನ್ನ ಕಡೆ ನೋಡಿದರು. ನಾನು ಎತ್ತಿನ ಕಡೆ ನೋಡಿದೆ.
ಹೆದ್ದಾರೀಲಿ ಒಂದು ಲಾರಿ ಪೂರಾ ದಾಟಿ ಹೋಯಿತು.

"ಕಸುಬು ಏನಂತ ಬರೀಲಿ ಅಜ್ಜ?"
ಅಜ್ಜ ಗಂಟೆಯ ನಾಲಿಗೆ ಹಿಡಿದು ಸದ್ದು ನಿಲ್ಲಿಸಿ ಅಂದ:
"ನಿಂದೇ ಕಣವ್ವ."